ಬೇರೆ ಬೇರೆ ಕಾಲದ ಚೆಸ್ ಮಿಷನ್‌ಗಳ ಟೂರ್ನಮೆಂಟ್: ಬಲ ಸಮ ಮಾಡುವುದು ಹೇಗೆ?

ಡೊಂಬಿವಲಿ ಈಸ್ಟ್

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ ಹಳೇ ಚೆಸ್ ಕಂಪ್ಯೂಟರ್‌ಗಳ ಹುಚ್ಚು. ಪಿಸಿ ಅಲ್ಲ, ಮೊಬೈಲ್ ಆ್ಯಪ್ ಅಲ್ಲ. ಬೋರ್ಡೇ ಮಿಷನ್ ಆಗಿರುವಂಥವು, ಚೆಸ್ ಬಿಟ್ಟು ಬೇರೇನೂ ಮಾಡಲು ಬಾರದಂಥವು. ಮೊದಲನೆಯದು ನನ್ನ ಸೋದರಮಾವನದು. ಮಾವ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. 1985ರಲ್ಲಿ ರಜೆಗೆ ಬಂದಾಗ ಎಲ್ಲರ ಮಾವಂದಿರು ಟೇಪ್ ರೆಕಾರ್ಡರ್ ತಂದರೆ ನಮ್ಮ ಮಾವ ನೊವಾಗ್ ಸೂಪರ್ ಕಾನ್‌ಸ್ಟೆಲೇಷನ್ ತಂದರು. ಆಗ ನನಗೆ ಹತ್ತು ವರ್ಷ. ಕಾಯಿಯನ್ನು ಮನೆಯ ಮೇಲೆ ಒತ್ತಿದರೆ ಟಿಕ್ ಅನ್ನುತ್ತಿತ್ತು, ಆಮೇಲೆ ಬೋರ್ಡಿನ ಅಂಚಿನಲ್ಲಿ ಎರಡು ಸಣ್ಣ ಕೆಂಪು ದೀಪ ಹತ್ತುತ್ತಿದ್ದವು. ಒಂದು ಅಡ್ಡಸಾಲಿಗೆ, ಒಂದು ಉದ್ದಸಾಲಿಗೆ. ಎರಡೂ ಕೂಡುವ ಮನೆಯೇ ಅದರ ಉತ್ತರ. ಆ ದೀಪಕ್ಕಾಗಿ ಕಾಯುತ್ತಾ ಕುಳಿತ ಸಂಜೆಗಳು ಇನ್ನೂ ಕಣ್ಣ ಮುಂದೆ ಇವೆ.

ಈಗ ಮಾವನಿಗೆ ವಯಸ್ಸಾಗಿದೆ, ನಮ್ಮ ಜೊತೆಯಲ್ಲೇ ಇದ್ದಾರೆ. ಮಿಷನ್ ಇನ್ನೂ ಚಾಲೂ ಇದೆ. ನಾವು ಐದಾರು ಜನ ಸೇರಿ ಮಳೆಗಾಲ ಮುಗಿದ ಮೇಲೆ ಎರಡು ಭಾನುವಾರ ಇಂಥ ಮಿಷನ್‌ಗಳನ್ನು ಒಂದಕ್ಕೊಂದು ಎದುರು ಕೂರಿಸಿ ಟೂರ್ನಮೆಂಟ್ ಮಾಡೋಣ ಎಂದುಕೊಂಡಿದ್ದೇವೆ. ಮನುಷ್ಯರು ಬರೀ ಕಾಯಿ ನಡೆಸುವವರು, ಯೋಚನೆಯೆಲ್ಲ ಮಿಷನ್‌ಗಳದ್ದೇ.

ತೊಂದರೆ ಇರುವುದು ಇಲ್ಲಿ. ನಮ್ಮ ಹತ್ತಿರ ಇರುವ ಮಿಷನ್‌ಗಳು ಒಂದಕ್ಕೊಂದು ಜೋಡಿಯೇ ಅಲ್ಲ. ನನ್ನದೇ ಎರಡನೆಯದು ಫಿಡೆಲಿಟಿ ಚೆಸ್ ಚಾಲೆಂಜರ್ 7, 1979ರ ಮಾಡೆಲ್. ಮುಂಬೈಯ ಚೋರ್ ಬಜಾರ್‌ನಲ್ಲಿ ಹಳೇ ರೇಡಿಯೋಗಳ ನಡುವೆ ಸಿಕ್ಕಿತು. ಅದರ ಬೋರ್ಡಿಗೆ ಕಾಯಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಪಕ್ಕದ ಕೀಪ್ಯಾಡ್‌ನಲ್ಲಿ ನಡೆ ಒತ್ತಬೇಕು. ಆಫೀಸಿನ ಗೆಳೆಯನ ಹತ್ತಿರ ಸೈಟೆಕ್ ಜಿಕೆ 2000 ಇದೆ, 1990ರ ದಶಕದ್ದು. ಪುಣೆಯ ಒಬ್ಬರು ಮೆಫಿಸ್ಟೋ ಎಂಎಂ 4 ತರುತ್ತೇನೆ ಎಂದಿದ್ದಾರೆ. ನನ್ನ ತಂಗಿಯ ಮಗನ ಹತ್ತಿರ ಮಿಲೇನಿಯಂ ಚೆಸ್‌ಜೀನಿಯಸ್ ಇದೆ, ಅದು ತೀರಾ ಹೊಸದು, ಒಳಗೆ ಮೊಬೈಲ್‌ನಲ್ಲಿ ಇರುವಂಥ ಎಆರ್‌ಎಂ ಚಿಪ್. ಒಂದು ಕಡೆ 1979ರ ಚಾಲೆಂಜರ್‌ನ ಝಡ್80 ಚಿಪ್, ಇನ್ನೊಂದು ಕಡೆ ಇದು. ಎತ್ತಿನ ಗಾಡಿಯನ್ನೂ ಡೆಕ್ಕನ್ ಕ್ವೀನ್ ರೈಲನ್ನೂ ಒಂದೇ ಹಳಿಯ ಮೇಲೆ ಓಡಿಸಿದ ಹಾಗೆ.

ನನ್ನ ಪ್ರಶ್ನೆ ಇಷ್ಟು. ದುರ್ಬಲ ಮಿಷನ್‌ಗೆ ಜಾಸ್ತಿ ಟೈಮ್, ಬಲವಾದದ್ದಕ್ಕೆ ಕಡಿಮೆ ಟೈಮ್ ಕೊಟ್ಟರೆ ಆಟ ಸಮ ಆಗುತ್ತಾ? ಎಷ್ಟು ಕೊಡಬೇಕು? ಅಥವಾ ಎಲ್ಲಕ್ಕೂ ಒಂದೇ ಟೈಮ್ ಕೊಟ್ಟು ಆದದ್ದಾಗಲಿ ಅನ್ನಬೇಕಾ? ಮಾವ ಎರಡು ದಿನವೂ ಎದುರಿಗೆ ಕುಳಿತು ನೋಡುತ್ತಾರೆ. ಅವರ ಮಿಷನ್ ಪ್ರತಿ ಆಟದಲ್ಲೂ ಮಣ್ಣು ಮುಕ್ಕುವುದನ್ನು ಅವರಿಗೆ ತೋರಿಸಲು ನನಗೆ ಮನಸ್ಸಿಲ್ಲ. ಹಾಗಂತ ಸುಳ್ಳು ಗೆಲುವೂ ಬೇಡ, ಅವರಿಗೆ ತಕ್ಷಣ ಗೊತ್ತಾಗುತ್ತದೆ.

---

ಠಾಣೆ ಲೋಕಲ್

ಒಳ್ಳೆ ಯೋಚನೆ ಸರ್. ನನ್ನ ಮಟ್ಟಿಗೆ ಉತ್ತರ ಸುಲಭ. ಹಳೇದಕ್ಕೆ ನಡೆಗೆ ಮೂರು ನಿಮಿಷ, ಹೊಸದಕ್ಕೆ ಐದು ಸೆಕೆಂಡ್. ಕೇರಂನಲ್ಲಿ ಚಿಕ್ಕವರಿಗೆ ಪಾಯಿಂಟ್ ಬಿಟ್ಟುಕೊಡುವುದಿಲ್ಲವೇ, ಹಾಗೆ. ಆಟ ಟೈಟ್ ಆಗಿದ್ದರೇ ನೋಡುವವರು ಕೂರುತ್ತಾರೆ.

---

ಕೋಥ್ರೂಡ್ ಪುಣೆ

ಎಂಎಂ 4 ತರುತ್ತೇನೆ ಎಂದವನು ನಾನೇ. ನಾನು ಜರ್ಮನ್ ಕಂಪನಿಯೊಂದರಲ್ಲಿ ಇದ್ದಾಗ ಮ್ಯೂನಿಕ್‌ಗೆ ಹೋಗಿಬರುವುದಿತ್ತು, ಅಲ್ಲಿ ಒಂದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಮೆಫಿಸ್ಟೋ ಮಾಡುತ್ತಿದ್ದ ಹೆಗೆನರ್ ಪ್ಲಸ್ ಗ್ಲಾಸರ್ ಕಂಪನಿ ಅದೇ ಊರಿನದು. ಹಾಗಾಗಿ ಅದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಟೈಮ್ ಹೆಚ್ಚು ಕಡಿಮೆ ಮಾಡಿ ಸಮ ಮಾಡುವ ವಿಷಯ. ನಾನು ಎರಡು ಮಳೆಗಾಲ ಇದನ್ನೇ ಮಾಡಿ ನೋಡಿದ್ದೇನೆ ರೀ, ನೀವು ಅಂದುಕೊಂಡ ಹಾಗೆ ಅದು ಕೆಲಸ ಮಾಡುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ಈ ಮಿಷನ್‌ಗಳಿಗೆ ಟೈಮ್ ಎರಡು ಪಟ್ಟು ಕೊಟ್ಟರೆ ಬಲ ಸುಮಾರು 50ರಿಂದ 70 ಈಲೋ ಪಾಯಿಂಟ್ (ಚೆಸ್‌ನಲ್ಲಿ ಬಲ ಅಳೆಯುವ ಅಂಕ) ಏರುತ್ತದೆ, ಅಷ್ಟೇ. 60 ಅಂತ ಇಟ್ಟುಕೊಳ್ಳಿ. ಎರಡು ಮಿಷನ್‌ಗಳ ನಡುವೆ 480 ಪಾಯಿಂಟ್ ಅಂತರ ಇದ್ದರೆ ಎಂಟು ಸಲ ಎರಡು ಪಟ್ಟು ಮಾಡಬೇಕು. ಅಂದರೆ 256 ಪಟ್ಟು. ಬಲವಾದದ್ದಕ್ಕೆ ನಡೆಗೆ 30 ಸೆಕೆಂಡ್ ಇಟ್ಟರೆ ದುರ್ಬಲವಾದದ್ದಕ್ಕೆ ನಡೆಗೆ 2 ಗಂಟೆ 8 ನಿಮಿಷ ಕೊಡಬೇಕು. ಒಂದು ಆಟ ಮುಗಿಯುವಷ್ಟರಲ್ಲಿ ಗಣಪತಿ ಬಂದು ವಿಸರ್ಜನೆ ಆಗಿರುತ್ತದೆ! ಮೂರು ನಿಮಿಷ ಕೊಟ್ಟರೆ ಎರಡೂವರೆ ಸಲ ಎರಡು ಪಟ್ಟು ಮಾಡಿದ ಹಾಗೆ, ಸುಮಾರು 150 ಪಾಯಿಂಟ್ ಸಿಕ್ಕಿತು ಅಷ್ಟೇ.

ಉಲ್ಟಾ ಮಾಡಿದರೆ ಸ್ವಲ್ಪ ಉಪಯೋಗ ಇದೆ. ಬಲವಾದ ಮಿಷನ್‌ನ ಟೈಮನ್ನು 30 ಸೆಕೆಂಡಿನಿಂದ 1 ಸೆಕೆಂಡಿಗೆ ಇಳಿಸಿದರೆ ಐದು ಸಲ ಅರ್ಧ ಮಾಡಿದ ಹಾಗೆ, ಸುಮಾರು 300 ಪಾಯಿಂಟ್ ಇಳಿಯುತ್ತದೆ. ಆದರೆ ಅದು ಆಡುವ ರೀತಿಯೇ ಕೆಡುತ್ತದೆ. ನಾನು ಎಂಎಂ 4ಕ್ಕೆ ಹಾಗೆ ಮಾಡಿದೆ. ಎಡ್ ಶ್ರೋಡರ್ ಬರೆದ ಪ್ರೋಗ್ರಾಂ ಅದು, 1987ರದ್ದು, 6502 ಚಿಪ್, ಸುಮಾರು 5 ಮೆಗಾಹರ್ಟ್ಸ್. ಅಷ್ಟು ಸಣ್ಣ ಚಿಪ್ಪಿನಲ್ಲಿ ಅಷ್ಟು ಗಟ್ಟಿ ಚೆಸ್ ಬರೆದ ಅದೇ ಮನುಷ್ಯನ ಪ್ರೋಗ್ರಾಂ 1992ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಂಪ್ಯೂಟರ್ ಚೆಸ್‌ನ ವರ್ಲ್ಡ್ ಚಾಂಪಿಯನ್ ಆಯಿತು. ಅವರ ಕೆಲಸದ ಸೊಗಸು ಇರುವುದೇ ಮಿಷನ್ ನಿಧಾನಕ್ಕೆ ಯೋಚಿಸಿದಾಗ. 1 ಸೆಕೆಂಡ್ ಕೊಟ್ಟರೆ ಒಂದು ಸಾಧಾರಣ ಮಿಷನ್ ಹಾಗೆ ಆಡುತ್ತದೆ. ಸೋತರೂ ಗೆದ್ದರೂ ಯಾರಿಗೂ ಏನೂ ಸಿಗಲಿಲ್ಲ. ನನಗಂತೂ ಬೇಜಾರಾಯಿತು.

ಹಾಗಾಗಿ ನನ್ನ ಸಲಹೆ: ಟೈಮ್ ಎಲ್ಲರಿಗೂ ಒಂದೇ ಕೊಡಿ, ಬಲ ಸಮ ಮಾಡಲು ಹೋಗಬೇಡಿ. ಸಮ ಮಾಡಬೇಕಾದದ್ದು ಜೋಡಿಯನ್ನು. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಾಕುತ್ತಾರಲ್ಲ, ಹಾಗೆ. ಈಲೋ ಲೆಕ್ಕದಲ್ಲಿ 200 ಅಂತರ ಇದ್ದರೆ ಬಲವಾದದ್ದಕ್ಕೆ ನೂರರಲ್ಲಿ ಸುಮಾರು 76 ಪಾಯಿಂಟ್, 400 ಇದ್ದರೆ 91. 200ರ ಒಳಗಿದ್ದರೆ ಆಟ ಜೀವಂತ ಇರುತ್ತದೆ, ನಾಲ್ಕು ಆಟದಲ್ಲಿ ದುರ್ಬಲವಾದದ್ದಕ್ಕೆ ಒಂದು ಗೆಲುವು ಸಿಕ್ಕೇ ಸಿಗುತ್ತದೆ ಅನ್ನುವ ಆಸೆ ಇರುತ್ತದೆ. ನಿಮ್ಮ ಸೂಪರ್ ಕಾನ್‌ಸ್ಟೆಲೇಷನ್, ಜಿಕೆ 2000, ನನ್ನ ಎಂಎಂ 4, ಈ ಮೂರನ್ನು ಒಂದು ಗುಂಪು ಮಾಡಿ. ಮಾವನ ಮಿಷನ್ ಮೂರರಲ್ಲಿ ಸ್ವಲ್ಪ ಹಿಂದೆ ಇರಬಹುದು, ಆದರೆ ಅದು ಮಣ್ಣು ಮುಕ್ಕುವ ಮಿಷನ್ ಅಲ್ಲ. ಚೆಸ್‌ಜೀನಿಯಸ್ ಅತಿಥಿಯಾಗಿ ಬರಲಿ. ಅದನ್ನು ಬೇಕಾದರೆ 1 ಸೆಕೆಂಡಿನಲ್ಲಿ ಒಂದೊಂದು ಆಟ ಆಡಿಸಿ, ಪಾಯಿಂಟ್ ಲೆಕ್ಕಕ್ಕೆ ಬೇಡ.

ಚೆಸ್ ಚಾಲೆಂಜರ್ 7ಕ್ಕೆ ಮಾತ್ರ ನನ್ನ ಹತ್ತಿರ ಜೋಡಿ ಇಲ್ಲ. ಅದಕ್ಕೆ ಇರುವುದೇ ಏಳು ಲೆವೆಲ್, ನಮಗೆ ಬೇಕಾದ ಟೈಮ್ ಹಾಕಲೂ ಬರುವುದಿಲ್ಲ. ಯಾರಾದರೂ ಅದೇ ಕಾಲದ್ದನ್ನು ತರಬೇಕು.

---

ಠಾಣೆ ಲೋಕಲ್

256 ಪಟ್ಟು ಅಂತ ನನಗೆ ಹೊಳೆದೇ ಇರಲಿಲ್ಲ. ಒಪ್ಪಿದೆ. ಇನ್ನೊಂದು ಕೇಳುತ್ತೇನೆ: ಈ ಮಿಷನ್‌ಗಳಲ್ಲಿ ಹಲವು ಈಗ ಹಳೇ ಮಿಷನ್‌ಗಳನ್ನು ಅನುಕರಿಸುವ ಎಂಎಎಂಇ ಎಂಬ ಸಾಫ್ಟ್‌ವೇರ್‌ನಲ್ಲಿ (ಎಮ್ಯುಲೇಟರ್) ಲ್ಯಾಪ್‌ಟಾಪ್ ಮೇಲೇ ಓಡುತ್ತವೆ. ಹಾಗಿರುವಾಗ ಡೊಂಬಿವಲಿ ಲೋಕಲ್‌ನಲ್ಲಿ ಮರದ ಬೋರ್ಡ್ ಹೊತ್ತುಕೊಂಡು ಬರುವ ಕಷ್ಟ ಯಾಕೆ?

---

ಕೋಥ್ರೂಡ್ ಪುಣೆ

ಓಡುತ್ತವೆ, ನಿಜ. ಮನೆಯಲ್ಲಿ ಅಭ್ಯಾಸಕ್ಕೆ ನಾನೂ ಬಳಸುತ್ತೇನೆ. ಆದರೆ ನನ್ನ ಮರದ ಬೋರ್ಡಿನಲ್ಲಿ ಪ್ರತಿ ಮನೆಗೂ ಒಂದು ದೀಪ ಇದೆ, ಕಾಯಿಯ ಬುಡದಲ್ಲಿ ಅಯಸ್ಕಾಂತ ಇದೆ. ಕಾಯಿ ಒತ್ತುವುದೂ ಬೇಡ, ಎತ್ತಿ ಇಟ್ಟರೆ ಸಾಕು, ಅದಕ್ಕೆ ಗೊತ್ತಾಗುತ್ತದೆ. ಅದನ್ನು ಆ ಮಾವನ ಎದುರಿಗೆ ಇಡಬೇಕು ಅಂತಲೇ ನಾನು ಪುಣೆಯಿಂದ ಹೊತ್ತು ತರುವುದು.

---

ಮಾಟುಂಗಾ ರಿಪೇರಿ

ಟೂರ್ನಮೆಂಟ್ ಲೆಕ್ಕ ನಿಮಗೆ ಬಿಟ್ಟದ್ದು ಮಾರಾಯ್ರೆ. ನಾನು ಮೂವತ್ತೈದು ವರ್ಷ ಟಿವಿ, ರೇಡಿಯೋ ರಿಪೇರಿ ಮಾಡಿದವ. ನನ್ನ ಮಾತು ಒಂದೇ: ಮಿಷನ್ ಚಾಲೂ ಮಾಡುವ ಮೊದಲು ಅಡಾಪ್ಟರ್ ನೋಡಿ.

ಇವೆಲ್ಲ ಬೇರೆ ಬೇರೆ ದೇಶದ ಮಿಷನ್. ಅಮೆರಿಕದಿಂದ ಬಂದದ್ದರ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೇ ಮುಗಿಯಿತು. ಪ್ಲಸ್ ಪಿನ್ನಿನ ಒಳಗಿದೆಯಾ ಹೊರಗಿದೆಯಾ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಹಳೇ ಮಿಷನ್‌ಗೆ ಅಡಾಪ್ಟರ್‌ನಿಂದ ಡಿಸಿ ಅಲ್ಲ, ಎಸಿಯೇ ಬರಬೇಕು. ಪಿನ್ ಒಂದೇ ಸೈಜ್ ಇರುತ್ತದೆ, ಸರಿಯಾಗಿ ಕೂರುತ್ತದೆ, ಅದೇ ಮೋಸ. ಒಮ್ಮೆ ಒಂದು ಅಂಗಡಿಯವರು ಯಾವುದೂ ಆಗುತ್ತದೆ ಎಂದು ಕೊಟ್ಟ ಅಡಾಪ್ಟರನ್ನು ಗಿರಾಕಿಯೊಬ್ಬರು ಹಾಗೇ ಹಾಕಿದರು. ಮಿಷನ್ ನನ್ನ ಹತ್ತಿರ ಬಂದಾಗ ಒಳಗೆ ಸುಟ್ಟ ವಾಸನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ನಲವತ್ತು ವರ್ಷ ಬದುಕಿದ್ದ ಸಾಮಾನು. ಆ ದಿನ ಊಟ ರುಚಿಸಲಿಲ್ಲ ನನಗೆ.

ಮಿಷನ್‌ನ ಬೆನ್ನಿಗೆ ಬರೆದದ್ದನ್ನು ಓದಿ, ಮೀಟರ್ ಇಟ್ಟು ಅಡಾಪ್ಟರ್ ಅಳೆಯಿರಿ, ಆಮೇಲೆ ಚುಚ್ಚಿ. ಪ್ರತಿ ಅಡಾಪ್ಟರ್‌ಗೂ ಅದರ ಮಿಷನ್‌ನ ಹೆಸರು ಬರೆದು ಚೀಟಿ ಅಂಟಿಸಿ. ಐದು ಮಿಷನ್ ಒಂದೇ ಮೇಜಿನ ಮೇಲೆ ಇದ್ದಾಗ ವಯರ್ ಅದಲುಬದಲು ಆಗುವುದಕ್ಕೆ ಒಂದು ನಿಮಿಷ ಸಾಕು.

ಮತ್ತೆ ಸೆಲ್. ಹಾಕಿಟ್ಟು ಮರೆತ ಸೆಲ್ ಇದ್ದರೆ ಈಗಲೇ ತೆಗೆಯಿರಿ. ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ, ಅಲ್ಕಲೈನ್ ಸೆಲ್ಲಿನ ಸೋರಿಕೆ ಅದಕ್ಕೆ ಹೋಗುತ್ತದೆ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಬೊಂಬಾಯಿಯ ಹವೆಗೆ ಒತ್ತುವ ಬೋರ್ಡಿನ ಒಳಗಿನ ಕಾಂಟ್ಯಾಕ್ಟ್ ಕೂಡ ಮಂಕಾಗುತ್ತದೆ. ಕೆಲವು ಮನೆ ಒಂದೇ ಸಲಕ್ಕೆ ಒತ್ತುವುದಿಲ್ಲ, ಜನ ಜೋರಾಗಿ ಒತ್ತುತ್ತಾರೆ, ಪದರ ಹರಿಯುತ್ತದೆ. ಜೋರು ಮಾಡಬೇಡಿ. ಒಂದು ವಾರ ಮೊದಲು 64 ಮನೆಯನ್ನೂ ಒಂದೊಂದಾಗಿ ಒತ್ತಿ ನೋಡಿ, ಯಾವುದು ಏಳುವುದಿಲ್ಲ ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ತನ್ನಿ, ಮಾಟುಂಗಾ ಸ್ಟೇಷನ್‌ನಿಂದ ನಡೆಯುವಷ್ಟೇ ದೂರ. ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

---

ಡೊಂಬಿವಲಿ ಈಸ್ಟ್

ಮಾಟುಂಗಾ ಸರ್, ತುಂಬಾ ಉಪಕಾರ ಆಯಿತು. ನಿಮ್ಮ ಮಾತು ಓದಿ ಎದ್ದು ಹೋಗಿ ನೋಡಿದೆ. ಚೆಸ್ ಚಾಲೆಂಜರ್‌ಗೆ ನಾನು ಹಾಕಲಿದ್ದ ಅಡಾಪ್ಟರ್ ಬೇರೆಯದ್ದೇ ಆಗಿತ್ತು. ಶನಿವಾರ ಎರಡೂ ಮಿಷನ್ ತರುತ್ತೇನೆ. ಕೋಥ್ರೂಡ್ ಸರ್, ಗುಂಪು ಮಾಡುವ ಮಾತು ಮನಸ್ಸಿಗೆ ಹಿಡಿಸಿತು.

---

ಮಡಗಾಂವ್ ಕೋಚ್

ತಡವಾಗಿ ನೋಡಿದೆ. ನಾನು ಕಾರವಾರದವನು, ಗೋವಾದಲ್ಲಿ ಶಾಲೆ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಚೆಸ್ ಚಾಲೆಂಜರ್ 7ಕ್ಕೆ ಜೋಡಿ ನನ್ನ ಹತ್ತಿರ ಇದೆ! ಬೋರಿಸ್. 1970ರ ದಶಕದ ಕೊನೆಯದು, ಮರದ ಪೆಟ್ಟಿಗೆ. ನಮ್ಮ ಪಕ್ಕದ ಮನೆಯವರು ತಾರ್ವಟಿ, ಹಡಗಿನಲ್ಲಿ ಊರೂರು ತಿರುಗಿದವರು. ಮನೆ ಖಾಲಿ ಮಾಡುವಾಗ ಚೆಸ್ ಮಾಸ್ತರರಿಗೆ ಇರಲಿ ಎಂದು ಕೊಟ್ಟು ಹೋದರು. ಇದರಲ್ಲೂ ನಡೆಯನ್ನು ಕೀ ಒತ್ತಿ ಹೇಳಬೇಕು. ಮಧ್ಯೆ ಮಧ್ಯೆ ಡಿಸ್‌ಪ್ಲೇ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಮಾತು ಹರಿದು ಬರುತ್ತದೆ, ಮಕ್ಕಳಿಗೆ ಅದೆಂದರೆ ಪ್ರಾಣ. ನಡೆಗೆ ಇಷ್ಟು ಟೈಮ್ ಅಂತ ನಾವೇ ಹಾಕಬಹುದು. ಹಾಗಾಗಿ ನಿಮ್ಮ ಚಾಲೆಂಜರ್ ಅದರ ಲೆವೆಲ್‌ನಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಸ್ಟಾಪ್‌ವಾಚ್‌ನಲ್ಲಿ ಹತ್ತು ನಡೆ ಅಳೆದು ಹೇಳಿ, ನಾನು ಬೋರಿಸ್‌ಗೆ ಅಷ್ಟೇ ಹಾಕುತ್ತೇನೆ. ರೈಲಿನಲ್ಲಿ ತರುತ್ತೇನೆ, ಮಾಂಡವಿ ಎಕ್ಸ್‌ಪ್ರೆಸ್ ಇದೆಯಲ್ಲ.

ಇನ್ನು ಆಡಿಸುವ ಕೆಲಸ. ಟೂರ್ನಮೆಂಟ್ ಕೆಡುವುದು ಮಿಷನ್‌ನಿಂದಲ್ಲ, ನಮ್ಮ ಬೆರಳಿನಿಂದ. ನೀವು ಎರಡು ಬೋರ್ಡ್ ಎದುರುಬದುರು ಇಡುತ್ತೀರಿ. ಈ ಬೋರ್ಡಿನಲ್ಲಿ ದೀಪ ಹತ್ತಿದ್ದನ್ನು ಓದಿ, ಆ ಬೋರ್ಡಿನಲ್ಲಿ ಒತ್ತಬೇಕು. ಒಂದು ಬೋರ್ಡ್ ನಿಮ್ಮ ಕಡೆಯಿಂದ ಬಿಳಿ, ಇನ್ನೊಂದು ಕಪ್ಪು. ಅರ್ಧ ಗಂಟೆ ಆದ ಮೇಲೆ ಸಿ3 ಅಂತ ಓದಿ ಎಫ್6 ಒತ್ತುವುದು ಯಾರಿಗೂ ಆಗುತ್ತದೆ. ಅದಕ್ಕೇ ಎರಡೂ ಬೋರ್ಡನ್ನು ಒಂದೇ ದಿಕ್ಕಿಗೆ ಇಡಿ, ಎರಡರಲ್ಲೂ ಎ1 ನಿಮ್ಮ ಎಡಗೈ ಹತ್ತಿರ ಇರಲಿ. ಒಬ್ಬರು ನಡೆಯನ್ನು ಜೋರಾಗಿ ಹೇಳಲಿ, ಇನ್ನೊಬ್ಬರು ಒತ್ತಲಿ, ಮೂರನೆಯವರು ಬರೆಯಲಿ. ಹತ್ತು ನಡೆಗೊಮ್ಮೆ ಎರಡೂ ಬೋರ್ಡಿನ ಫೋಟೋ ತೆಗೆಯಿರಿ. ಕರೆಂಟ್ ಹೋದರೂ ಬರೆದಿಟ್ಟ ನಡೆಗಳಿಂದ ಆಟವನ್ನು ಮತ್ತೆ ಕಟ್ಟಬಹುದು.

ಕ್ಯಾಸಲಿಂಗ್‌ನಲ್ಲಿ, ಅಂದರೆ ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಸರಿಯುವಾಗ, ಮೊದಲು ರಾಜನನ್ನು ಒತ್ತಿ, ಆಮೇಲೆ ಆನೆ. ಆನೆಯನ್ನು ಮೊದಲು ಒತ್ತಿದರೆ ಮಿಷನ್ ಅದನ್ನು ಬರೀ ಆನೆಯ ನಡೆ ಅಂದುಕೊಂಡು ಮುಂದೆ ಹೋಗುತ್ತದೆ. ಎನ್ ಪಾಸಾನ್ ಆದಾಗ, ಅಂದರೆ ಎರಡು ಮನೆ ಮುಂದೆ ಹಾರಿದ ಪಾನನ್ನು (ಕಾಲಾಳು) ಎದುರಾಳಿಯ ಪಕ್ಕದ ಪಾನ್ ಹೊಡೆದಾಗ, ಹೊಡೆತ ತಿಂದ ಪಾನ್ ಇದ್ದ ಮನೆಯನ್ನೂ ಒತ್ತಲು ಕೇಳುವ ಬೋರ್ಡ್‌ಗಳಿವೆ.

ಎದುರಾಳಿ ಯೋಚಿಸುವಾಗ ಸುಮ್ನೆ ಕೂರದೆ ತಾನೂ ಯೋಚಿಸುವ ಮಿಷನ್‌ಗಳಿವೆ. ಅಲ್ಲಿ ಒಂದು ಅನ್ಯಾಯ ಅಡಗಿದೆ, ಯಾರೂ ಗಮನಿಸುವುದಿಲ್ಲ. ನೀವು ಚಹಾ ಕುಡಿಯುತ್ತಾ ನಡೆ ಒತ್ತುವುದಕ್ಕೆ ಎರಡು ನಿಮಿಷ ತಡ ಮಾಡಿದರೆ ಆ ಎರಡು ನಿಮಿಷವೂ ಅದಕ್ಕೆ ಬಿಟ್ಟಿ ಸಿಕ್ಕಿತು. 30 ಸೆಕೆಂಡ್‌ನ ಆಟದಲ್ಲಿ ಅದು ನಾಲ್ಕು ನಡೆಯ ಯೋಚನೆ. ಹಾಗಾಗಿ ಈಸಿ ಮೋಡ್ ಇದ್ದರೆ ಅದನ್ನು ಹಾಕಿ, ಆ ಅಭ್ಯಾಸ ನಿಲ್ಲುತ್ತದೆ. ಇಲ್ಲದಿದ್ದರೆ ಒತ್ತುವವರು ಎದ್ದು ಹೋಗಬಾರದು ಅನ್ನುವ ನಿಯಮ ಮಾಡಿ.

ಎರಡನೆಯದು, ಈ ಮಿಷನ್‌ಗಳು ಒಮ್ಮೆ ಆಡಿದ ಆಟವನ್ನೇ ಮತ್ತೆ ಆಡಿಬಿಡುತ್ತವೆ. ಅದೇ ಬಣ್ಣ, ಅದೇ ಲೆವೆಲ್, ಅದೇ ಶುರು ಅಂದರೆ ಮೂವತ್ತು ನಡೆ ತನಕ ಅಚ್ಚು ಹೊಡೆದ ಹಾಗೆ ಅದೇ ಆಟ ಬರಬಹುದು. ಅದನ್ನು ಎರಡು ಗೆಲುವು ಅಂತ ಬರೆದರೆ ಸರಿಯೇ? ಅದಕ್ಕೆ ಮೊದಲ ನಾಲ್ಕು ನಡೆಯನ್ನು ನಾವೇ ಕೊಡಬೇಕು. ಹೆಸರಾದ ಶುರುಗಳಲ್ಲಿ ಇಟಾಲಿಯನ್ ಒಂದು, ಕ್ವೀನ್ಸ್ ಗ್ಯಾಂಬಿಟ್ ಒಂದು ಅಂತ ಇಟ್ಟುಕೊಳ್ಳಿ. ಪ್ರತಿ ಶುರುವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಕಾಯಿಗಳನ್ನು ಎತ್ತಿಟ್ಟು ಪೊಸಿಷನ್ ಹಾಕಬೇಡಿ. ಇಬ್ಬರು ಆಡುವ ಮೋಡ್‌ನಲ್ಲಿ ಒಂದೊಂದೇ ನಡೆ ಒತ್ತಿ ಅಲ್ಲಿಗೆ ತನ್ನಿ, ಕ್ಯಾಸಲಿಂಗ್ ಹಕ್ಕು ಉಳಿದಿದೆಯಾ ಇಲ್ಲವಾ ಎಂಬ ಗೊಂದಲ ಬರುವುದಿಲ್ಲ.

ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಅಂತ ಎಲ್ಲ ಹಳೇ ಮಿಷನ್‌ಗೂ ಗೊತ್ತಿರುವುದಿಲ್ಲ. 50 ನಡೆ ತನಕ ಯಾವ ಕಾಯಿಯೂ ಹೊಡೆತ ತಿನ್ನದೆ, ಪಾನ್ ಕೂಡ ಕದಲದೆ ಇದ್ದರೆ ಡ್ರಾ ಅನ್ನುವ ನಿಯಮವೂ ಅಷ್ಟೇ. ಅದನ್ನು ಬರೆಯುವವರು ನೋಡಬೇಕು, ಮಿಷನ್ ಏನೇ ಹೇಳಲಿ.

---

ಕೋಥ್ರೂಡ್ ಪುಣೆ

ಕೋಚ್ ಸರ್, ಆ ಬಿಟ್ಟಿ ಎರಡು ನಿಮಿಷದ ಮಾತು ಬಂಗಾರದಂಥದ್ದು. ನನ್ನ ಎರಡು ಮಳೆಗಾಲದ ಲೆಕ್ಕದಲ್ಲಿ ಅದನ್ನು ನಾನು ಹಿಡಿದೇ ಇರಲಿಲ್ಲ. ಒಂದು ಸೇರಿಸುತ್ತೇನೆ: ಆಟ ಮುಗಿದಿದೆ ಎಂದು ನಮಗೆ ಕಂಡರೂ ಚೆಕ್‌ಮೇಟ್ ಆಗುವವರೆಗೆ ಆಡಿಸಿ. ಗೆದ್ದ ಆಟವನ್ನು ಮುಗಿಸಲು ಬಾರದೆ ಅಲೆದಾಡುವ ಮಿಷನ್‌ಗಳನ್ನು ನೋಡಿದ್ದೇನೆ. ಮುಗಿಸುವುದೂ ಬಲದ ಒಂದು ಭಾಗವೇ.

---

ಡೊಂಬಿವಲಿ ಈಸ್ಟ್

ನಿನ್ನೆ ಭಾನುವಾರ ಒಂದು ಟ್ರಯಲ್ ಮಾಡಿದೆವು. ಮಾಟುಂಗಾ ಸರ್ ಎರಡೂ ಮಿಷನ್ ತೆರೆದು ಶುಚಿ ಮಾಡಿಕೊಟ್ಟಿದ್ದರು. ಸೂಪರ್ ಕಾನ್‌ಸ್ಟೆಲೇಷನ್‌ನಲ್ಲಿ ಜಿ2 ಮನೆ ಹತ್ತು ವರ್ಷದಿಂದ ಎರಡು ಸಲ ಒತ್ತಿದರೇ ಏಳುತ್ತಿತ್ತು, ಈಗ ಬೆರಳು ಮುಟ್ಟಿದರೆ ಸಾಕು ಟಿಕ್ ಅನ್ನುತ್ತದೆ.

ಮೊದಲು ಚೆಸ್ ಚಾಲೆಂಜರ್ 7 ಮತ್ತು ಜಿಕೆ 2000, ಜಿಕೆಗೆ 1 ಸೆಕೆಂಡ್ ಕೊಟ್ಟು. ಕೋಥ್ರೂಡ್ ಸರ್ ಹೇಳಿದ್ದು ನಿಜವೇ ಅಂತ ನೋಡಬೇಕಿತ್ತು. ನಿಜ. ಜಿಕೆ ಥಟ್ಟಂತ ಆಡುತ್ತಿತ್ತು, ಚಾಲೆಂಜರ್ ನಿಮಿಷಗಟ್ಟಲೆ ಯೋಚಿಸುತ್ತಿತ್ತು, ಕೊನೆಗೆ 38ನೇ ನಡೆಯಲ್ಲಿ ಚಾಲೆಂಜರ್‌ನ ಸೋತೆ ಎನ್ನುವ ದೀಪ ಹತ್ತಿತು. ಫ್ರಾನ್ಸ್ ಮೋರ್ಷ್ ಬರೆದ ಪ್ರೋಗ್ರಾಂ ಅಲ್ವಾ ಜಿಕೆಯದ್ದು, ಆಮೇಲೆ ಪಿಸಿಯಲ್ಲಿ ಹೆಸರು ಮಾಡಿದ ಫ್ರಿಟ್ಜ್ ಕೂಡ ಅವರದ್ದೇ. 1 ಸೆಕೆಂಡಿನಲ್ಲಿ ಅಷ್ಟು ಆಡಿತು. ಚಾಲೆಂಜರ್ ಬಗ್ಗೆ ನನಗೆ ಪಾಪ ಅನ್ನಿಸಿತು. ಆ ಜೋಡಿ ಇನ್ನು ಬೇಡ. ಅದು ಬೋರಿಸ್ ಜೊತೆಗೇ ಆಡಲಿ.

ಆಮೇಲೆ ಮಾವನ ಮಿಷನ್ ಮತ್ತು ಜಿಕೆ, ಎರಡಕ್ಕೂ ನಡೆಗೆ ಸುಮಾರು 30 ಸೆಕೆಂಡ್. ಮಾವ ಕನ್ನಡಕ ಹಾಕಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡರು. ಒತ್ತುವ ಕೆಲಸ ನನ್ನದು, ಓದುವುದು ತಂಗಿಯ ಮಗ. ಇಟಾಲಿಯನ್‌ನಿಂದ ಶುರು, ಮಾವನದು ಬಿಳಿ. ಹದಿನೆಂಟನೇ ನಡೆಗೆ ದೀಪ ಹತ್ತಿತು. ಅಂಚಿನಲ್ಲಿ ಎಫ್, ಪಕ್ಕದಲ್ಲಿ 7. ಹುಡುಗ ಎರಡು ಸಲ ನೋಡಿದ, ತಪ್ಪು ಓದಿದೆ ಅಂದುಕೊಂಡ. ತಪ್ಪಲ್ಲ. ಕುದುರೆಯನ್ನು ಎಫ್7ಕ್ಕೆ ಹಾಕಿ ಬಲಿ ಕೊಟ್ಟಿತ್ತು. ಬದಲಿಗೆ ಎರಡು ಪಾನ್, ಮತ್ತೆ ಬಯಲಿಗೆ ಬಂದ ರಾಜ.

ಮಾವ ನಕ್ಕರು. "ಇದು ಹೀಗೇ ಆಡುತ್ತದೆ. ಮಸ್ಕತ್ ರೂಮಿನಲ್ಲೂ ಹೀಗೇ ಆಡುತ್ತಿತ್ತು. ಕೊಟ್ಟು ನೋಡುವ ಧೈರ್ಯ ಇದೆ ಇದಕ್ಕೆ" ಎಂದರು. ಡೇವ್ ಕಿಟಿಂಗರ್ ಪ್ರೋಗ್ರಾಂ ಅದು, ಲೆಕ್ಕ ಪೂರ್ತಿ ಕೂಡದಿದ್ದರೂ ಎದುರಿನ ರಾಜನ ಮೇಲೆ ಬೀಳುವುದಕ್ಕೆ ಹೆಸರಾದದ್ದು. 1984ರಲ್ಲಿ 4 ಮೆಗಾಹರ್ಟ್ಸ್ ಚಿಪ್ಪಿನಲ್ಲಿ ಎಲ್ಲವನ್ನೂ ಆಳಕ್ಕೆ ಲೆಕ್ಕ ಹಾಕಲು ಆಗದಿದ್ದಾಗ ಆ ಮನುಷ್ಯ ಮಿಷನ್‌ಗೆ ಒಂದು ಸ್ವಭಾವ ಕೊಟ್ಟರು. ಅದನ್ನು ನೋಡಬೇಕೆಂದರೆ ಅದಕ್ಕೆ ಅದರ ಟೈಮ್ ಕೊಡಬೇಕು, ಎದುರಿನದಕ್ಕೂ ಅಷ್ಟೇ ಕೊಡಬೇಕು. ನನ್ನ ಮೊದಲ ಪ್ರಶ್ನೆಗೆ ಉತ್ತರ ನನಗೆ ಅಲ್ಲೇ ಸಿಕ್ಕಿತು.

ಆಟ ಸೋತರು. ಜಿಕೆ ರಾಜನನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು, ಮಂತ್ರಿಗಳನ್ನು ಬದಲಿಸಿತು, ಉಳಿದ ಕುದುರೆಯಿಂದ ಗೆದ್ದಿತು. 61 ನಡೆ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಮಾವನಿಗೆ ಸೋತದ್ದರ ಬೇಸರ ಇರಲಿಲ್ಲ. ರಾತ್ರಿ ಊಟ ಆದ ಮೇಲೆ ನಡೆ ಬರೆದ ಹಾಳೆ ಕೇಳಿದರು. 24ನೇ ನಡೆಯಲ್ಲಿ ಆನೆಯನ್ನು ಇ1ಕ್ಕೆ ತಂದಿದ್ದರೆ ಏನಾಗುತ್ತಿತ್ತು ಎಂದು ಹನ್ನೊಂದು ಗಂಟೆ ತನಕ ಕಾಯಿ ಇಟ್ಟು ನೋಡುತ್ತಿದ್ದರು.

ಈಗ ಲೆಕ್ಕ ಹೀಗಿದೆ. ಮೂರು ಮಿಷನ್‌ನ ಗುಂಪಿನಲ್ಲಿ ಮೂರು ಜೋಡಿ, ಜೋಡಿಗೆ ನಾಲ್ಕು ಆಟ, ಒಟ್ಟು 12. ಆಟಕ್ಕೆ ಒಂದು ಗಂಟೆಯಂತೆ ಎರಡು ಭಾನುವಾರ ಆರಾರು ಗಂಟೆ. ಪಕ್ಕದ ಮೇಜಿನ ಮೇಲೆ ಚಾಲೆಂಜರ್ ಮತ್ತು ಬೋರಿಸ್, ನಾಲ್ಕು ಆಟ. ಕೊನೆಗೆ ಚೆಸ್‌ಜೀನಿಯಸ್ ಅತಿಥಿ. ರಿಚರ್ಡ್ ಲ್ಯಾಂಗ್ ಅವರ ಜೀನಿಯಸ್ ಪ್ರೋಗ್ರಾಂ 1994ರಲ್ಲಿ ಲಂಡನ್‌ನಲ್ಲಿ ವರ್ಲ್ಡ್ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತ್ತು, ಸೆಮಿಫೈನಲ್‌ನಲ್ಲಿ ಅದನ್ನು ತಡೆದವರು ನಮ್ಮ ಆನಂದ್. ಆ ಮಿಷನ್‌ನ ಎದುರಿಗೆ ಮಾವನನ್ನೇ ಕೂರಿಸೋಣ ಎಂದು ತಂಗಿಯ ಮಗ ಹೇಳುತ್ತಿದ್ದಾನೆ. ಮಿಷನ್‌ಗೆ 1 ಸೆಕೆಂಡ್, ಮಾವನಿಗೆ ಬೇಕಾದಷ್ಟು ಹೊತ್ತು.

ಮಡಗಾಂವ್ ಸರ್, ಚಾಲೆಂಜರ್‌ನ ಹತ್ತು ನಡೆ ಅಳೆದಿದ್ದೇನೆ, ಅಂಕಿ ಇವತ್ತು ರಾತ್ರಿ ಕಳಿಸುತ್ತೇನೆ. ಸ್ಟೇಷನ್‌ಗೆ ನಾನೇ ಬರುತ್ತೇನೆ, ಪೆಟ್ಟಿಗೆ ಹೊತ್ತು ಲೋಕಲ್ ಹತ್ತಬೇಡಿ.